ಬಸ್ಸು, ಜೀಪು, ದೋಣಿ: ಜವ–ದೂರ–ಕಾಲದ ಲೆಕ್ಕದಲ್ಲಿ ಸಮೀಕರಣ ಎಲ್ಲಿಂದ ಬರುತ್ತದೆ?

ಮಡಿಕೇರಿಯಿಂದ ಮೈಸೂರಿಗೆ 120 ಕಿ.ಮೀ. ಬಸ್ಸಿಗೆ 3 ಗಂಟೆ ಹಿಡಿಯಿತು, ಜವ ಎಷ್ಟು? ಏಳನೇ ತರಗತಿಯ ಮಗು ಕೂಡ ಥಟ್ಟನೆ 40 ಎನ್ನುತ್ತದೆ. ಅದೇ ದಾರಿಯ ಇನ್ನೊಂದು ಬಸ್ಸು ಮಂಜು ಕವಿದ ದಿನ ಮಾಮೂಲಿಗಿಂತ ಗಂಟೆಗೆ 10 ಕಿ.ಮೀ. ನಿಧಾನವಾಗಿ ಓಡಿ 36 ನಿಮಿಷ ತಡವಾಗಿ ಮೈಸೂರು ಮುಟ್ಟಿತು, ಹಾಗಾದರೆ ಅದರ ಮಾಮೂಲಿ ಜವ ಎಷ್ಟು? ಈಗ ಎಸ್ಸೆಸ್ಸೆಲ್ಸಿ ಹುಡುಗನೂ ಪೆನ್ನು ಕಚ್ಚುತ್ತಾ ಕೂರುತ್ತಾನೆ. ಎರಡು ಪ್ರಶ್ನೆಗೂ ಬೇಕಾದ ಸೂತ್ರ ಒಂದೇ: ದೂರ = ಜವ × ಕಾಲ. ಈ ಸೂತ್ರ ಮರೆತು ಅಂಕ ಕಳೆದುಕೊಳ್ಳುವವರು ತೀರ ಕಡಿಮೆ. ಸಮೀಕರಣವನ್ನು ಯಾವುದರ ಮೇಲೆ ಕಟ್ಟಬೇಕು ಎಂದು ತೋಚದೆ ಕಳೆದುಕೊಳ್ಳುವವರೇ ಹೆಚ್ಚು. ಈ ಲೇಖನದ ಬಹುಪಾಲು ಅದರ ಬಗ್ಗೆಯೇ ಇದೆ.

ಎರಡು ಮಾತು ಮೊದಲೇ ಹೇಳಿಬಿಡೋಣ. ವಿಜ್ಞಾನದ ಪುಸ್ತಕ ಜವ ಬೇರೆ, ವೇಗ ಬೇರೆ ಎನ್ನುತ್ತದೆ. ವೇಗಕ್ಕೆ ದಿಕ್ಕೂ ಉಂಟು. ಗಣಿತದ ಈ ಲೆಕ್ಕಗಳಲ್ಲಿ ಎರಡನ್ನೂ ಒಂದೇ ಅರ್ಥದಲ್ಲಿ ಬಳಸುತ್ತಾರೆ, ಗೊಂದಲ ಬೇಡ. ಇನ್ನು, ಶಾಲೆಯಲ್ಲಿ ಅವ್ಯಕ್ತಕ್ಕೆ ಎಕ್ಸ್, ವೈ ಎಂದು ಬರೆಯುವುದು ರೂಢಿ. ಇಲ್ಲಿ ದೂರಕ್ಕೆ ‘ದ’, ಜವಕ್ಕೆ ‘ಜ’, ಕಾಲಕ್ಕೆ ‘ಕ’ ಎಂದು ಇಟ್ಟಿದ್ದೇವೆ. ಅಕ್ಷರ ಕಂಡ ಕೂಡಲೇ ಅದು ಯಾವ ಪರಿಮಾಣ ಎಂಬುದು ನೆನಪಾಗುತ್ತದೆ. ಎಕ್ಸ್ ಎಂದು ಇಟ್ಟು, ಅರ್ಧ ಪುಟ ಲೆಕ್ಕ ಮಾಡಿ, ಕೊನೆಗೆ ‘ಎಕ್ಸ್ ಅಂದರೆ ಗಂಟೆಯೋ ಕಿಲೋಮೀಟರೋ’ ಎಂದು ಹಿಂದಕ್ಕೆ ಹುಡುಕುವ ಕೆಲಸ ತಪ್ಪುತ್ತದೆ. ಊರುಗಳ ನಡುವಿನ ದೂರಗಳನ್ನು ಲೆಕ್ಕಕ್ಕೆ ಅನುಕೂಲವಾಗುವಂತೆ ದುಂಡು ಮಾಡಿದ್ದೇವೆ.

ಮೊದಲು ಮಾನ ಸರಿಮಾಡಿ

ಪ್ರಶ್ನೆಯಲ್ಲಿ ಜವ ಕಿ.ಮೀ./ಗಂಟೆಯಲ್ಲಿದ್ದರೆ ಕಾಲ ಗಂಟೆಯಲ್ಲೇ ಇರಬೇಕು. ನಿಮಿಷ ಕಂಡರೆ ಅಲ್ಲೇ, ಪ್ರಶ್ನೆಪತ್ರಿಕೆಯ ಮೇಲೆಯೇ, 60ರಿಂದ ಭಾಗಿಸಿ ಭಿನ್ನರಾಶಿಯಾಗಿ ಬರೆದುಕೊಳ್ಳಿ: 20 ನಿಮಿಷ ಅಂದರೆ 1/3 ಗಂಟೆ, 36 ನಿಮಿಷ ಅಂದರೆ 3/5, 45 ನಿಮಿಷ ಅಂದರೆ 3/4. ದಶಮಾಂಶಕ್ಕಿಂತ ಭಿನ್ನರಾಶಿ ಮೇಲು, ಮುಂದೆ ಹೊಡೆದು ಹಾಕಲು ಸುಲಭ.

1 ಗಂಟೆ 20 ನಿಮಿಷವನ್ನು 1.20 ಎಂದು ಬರೆಯುವುದು ತುಂಬ ಮಾಮೂಲಿಯಾದ ತಪ್ಪು. 1.20 ಗಂಟೆ ಎಂದರೆ 1 ಗಂಟೆ 12 ನಿಮಿಷ. ಗಂಟೆಗೆ 45 ಕಿ.ಮೀ. ಜವದಲ್ಲಿ 1 ಗಂಟೆ 20 ನಿಮಿಷಕ್ಕೆ ಸಾಗುವ ದೂರ 60 ಕಿ.ಮೀ.; 1.20 ಎಂದು ಗುಣಿಸಿದರೆ 54 ಬರುತ್ತದೆ. ಆರು ಕಿಲೋಮೀಟರ್ ರಸ್ತೆಯೇ ಮಾಯ!

ಮೀಟರ್, ಸೆಕೆಂಡ್ ಬಂದರೆ 5/18. ಇದನ್ನು ಬಾಯಿಪಾಠ ಮಾಡುವ ಬದಲು ಎಲ್ಲಿಂದ ಬಂತೆಂದು ನೋಡಿ: 1 ಕಿ.ಮೀ. ಎಂದರೆ 1000 ಮೀಟರ್, 1 ಗಂಟೆ ಎಂದರೆ 3600 ಸೆಕೆಂಡ್; 1000/3600 = 5/18. 72 ಕಿ.ಮೀ./ಗಂಟೆ ಅಂದರೆ 20 ಮೀ./ಸೆ. 5/18 ಗುಣಿಸಬೇಕೋ 18/5 ಗುಣಿಸಬೇಕೋ ಎಂಬ ಅನುಮಾನ ಬಂದರೆ ಒಂದು ಗುರುತು ಸಾಕು: ಮೀ./ಸೆ. ಸಂಖ್ಯೆ ಯಾವಾಗಲೂ ಕಿ.ಮೀ./ಗಂಟೆ ಸಂಖ್ಯೆಗಿಂತ ಚಿಕ್ಕದು.

ಮೂರು ಮನೆಯ ಪಟ್ಟಿ

ಚಿತ್ತು ಹಾಳೆಯಲ್ಲಿ ಮೂರು ಮನೆ ಎಳೆಯಿರಿ: ದೂರ, ಜವ, ಕಾಲ. ಪ್ರತಿ ಪ್ರಯಾಣಕ್ಕೆ ಒಂದು ಸಾಲು. ಎರಡು ವಾಹನವಿದ್ದರೆ ಎರಡು ಸಾಲು. ಒಂದೇ ವಾಹನ ಹೋಗಿ ಬಂದರೂ ಎರಡು ಸಾಲು. ‘ಹೀಗೆ ಹೋಗಿದ್ದರೆ ಹೀಗಾಗುತ್ತಿತ್ತು’ ಎಂದು ಬರೀ ಊಹೆಯ ಪ್ರಯಾಣ ಇದ್ದರೂ ಅದಕ್ಕೊಂದು ಸಾಲು.

ಒಂದು ಮನೆಯನ್ನು ಪ್ರಶ್ನೆಯಲ್ಲಿ ಕೊಟ್ಟ ಸಂಖ್ಯೆಗಳಿಂದ ತುಂಬಿ. ಇನ್ನೊಂದನ್ನು ಅವ್ಯಕ್ತದಿಂದ ತುಂಬಿ. ಮೂರನೆಯದನ್ನು ಪ್ರಶ್ನೆಯಿಂದ ತೆಗೆದುಕೊಳ್ಳಬೇಡಿ, ಸೂತ್ರದಿಂದ ನೀವೇ ತುಂಬಿ. ಈಗ ಪ್ರಶ್ನೆಯನ್ನು ಮತ್ತೊಮ್ಮೆ ಓದಿ. ಇನ್ನೂ ಬಳಸದ ಒಂದು ಮಾತು ಅದರಲ್ಲಿ ಉಳಿದಿರುತ್ತದೆ, ಮತ್ತು ಅದು ಆ ಮೂರನೇ ಮನೆಗೆ ಸೇರಿದ್ದೇ ಆಗಿರುತ್ತದೆ. ‘36 ನಿಮಿಷ ತಡ’, ‘ಇಬ್ಬರೂ ಎದುರಾದರು’, ‘ಒಟ್ಟು 3 ಗಂಟೆ’ ಇಂಥದ್ದು. ಆ ಮಾತೇ ಸಮೀಕರಣ.

ಹಾಗಾಗಿ ದೂರ ಗೊತ್ತಿದ್ದು ಜವ ಗೊತ್ತಿಲ್ಲದಿದ್ದರೆ ಸಮೀಕರಣ ಕಾಲದ ಮೇಲೆ ಬರುತ್ತದೆ. ಜವ ಗೊತ್ತಿದ್ದು ಕಾಲ ಗೊತ್ತಿಲ್ಲದಿದ್ದರೆ ದೂರದ ಮೇಲೆ. ಒಂದೇ ಮಾತನ್ನು ಮನೆ ತುಂಬಲೂ ಸಮೀಕರಣಕ್ಕೂ ಎರಡು ಸಲ ಬಳಸಿದರೆ 120 = ಜ × (120/ಜ), ಅಂದರೆ 120 = 120 ಎಂಬಂಥ ಸಾಲು ಬಂದು ನಿಲ್ಲುತ್ತದೆ. ಅದು ತಪ್ಪಲ್ಲ, ಆದರೆ ಅದರಿಂದ ಏನೂ ಹುಟ್ಟುವುದಿಲ್ಲ. ಹಾಗಾದಾಗ ಬೀಜಗಣಿತ ಕೈಕೊಟ್ಟಿತು ಎಂದು ತಿಳಿಯಬೇಡಿ. ಪ್ರಶ್ನೆಯ ಒಂದು ವಾಕ್ಯ ನಿಮ್ಮ ಕಣ್ಣು ತಪ್ಪಿಸಿದೆ ಅಷ್ಟೆ.

ಎದುರುಬದುರು ಹೊರಟವರು

ಬೆಳಿಗ್ಗೆ 7 ಗಂಟೆಗೆ ಮಡಿಕೇರಿಯಿಂದ ಬಸ್ಸು ಗಂಟೆಗೆ 40 ಕಿ.ಮೀ. ಜವದಲ್ಲಿ ಮೈಸೂರಿಗೆ ಹೊರಡುತ್ತದೆ. 7:30ಕ್ಕೆ ಮೈಸೂರಿನಿಂದ ಕಾರು 60 ಕಿ.ಮೀ. ಜವದಲ್ಲಿ ಮಡಿಕೇರಿಯ ಕಡೆ ಹೊರಡುತ್ತದೆ. ಎಷ್ಟು ಹೊತ್ತಿಗೆ ಎದುರಾಗುತ್ತವೆ?

ಜವದ ಮನೆ: 40, 60. ಕಾಲದ ಮನೆ: ಬಸ್ಸಿನದು ಕ, ಕಾರಿನದು ಕ − 1/2. ದೂರದ ಮನೆಯನ್ನು ನಾವೇ ತುಂಬುವುದು: 40ಕ ಮತ್ತು 60(ಕ − 1/2). ಉಳಿದ ಮಾತು: ಇಬ್ಬರೂ ಸವೆಸಿದ ದಾರಿ ಸೇರಿದರೆ ಇಡೀ 120 ಕಿ.ಮೀ.

40ಕ + 60(ಕ − 1/2) = 120
100ಕ = 150
ಕ = 1 1/2 ಗಂಟೆ

ಅಂದರೆ 8:30. ಬಸ್ಸು ಒಂದೂವರೆ ಗಂಟೆಯಲ್ಲಿ 60 ಕಿ.ಮೀ., ಕಾರು ಒಂದು ಗಂಟೆಯಲ್ಲಿ 60 ಕಿ.ಮೀ., ಒಟ್ಟು 120. ಪಿರಿಯಾಪಟ್ಟಣ ದಾಟಿ ಹುಣಸೂರಿಗೆ ಹೋಗುವ ದಾರಿಯಲ್ಲಿ ಎಲ್ಲೋ ಎದುರಾದವು ಅಂತಾಯಿತು.

ಎಡವುವುದು ‘ಕ − 1/2’ರಲ್ಲಿ. ಅರ್ಧ ಗಂಟೆ ತಡ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಕೈ ತಾನಾಗಿ ‘+’ ಹಾಕುತ್ತದೆ. ತಡವಾಗಿ ಹೊರಟವರು ರಸ್ತೆಯ ಮೇಲೆ ಕಡಿಮೆ ಹೊತ್ತು ಇದ್ದಾರೆ, ಆದ್ದರಿಂದ ಕಳೆಯಬೇಕು. ಪಟ್ಟಿಯ ಕಾಲ ಎಂದರೆ ಗಡಿಯಾರ ತೋರಿಸುವ ಹೊತ್ತಲ್ಲ, ಗಾಡಿ ಓಡಿದ ಅವಧಿ. ಇನ್ನೊಂದು: ಕ = 1 1/2 ಎಂದು ಬಂದ ಮೇಲೆ ಅದನ್ನು 7:30ಕ್ಕೆ ಕೂಡಿಸಿ 9 ಗಂಟೆ ಎಂದು ಬರೆಯುವವರುಂಟು. ‘ಕ = ಬಸ್ಸು ಹೊರಟಾಗಿನಿಂದ ಆದ ಗಂಟೆಗಳು’ ಎಂದು ಮೊದಲ ಸಾಲಿನಲ್ಲೇ ಬರೆದಿಟ್ಟರೆ ಹೀಗಾಗದು. ಎಸ್ಸೆಸ್ಸೆಲ್ಸಿಯಲ್ಲಿ ಹಂತ ಹಂತಕ್ಕೂ ಅಂಕ ಇರುವುದರಿಂದ ಆ ಸಾಲು ವ್ಯರ್ಥವಲ್ಲ.

ಬೆನ್ನಟ್ಟಿ ಹಿಡಿಯುವುದು

ಕಾಫಿ ಮೂಟೆ ಹೇರಿದ ಪಿಕಪ್ ಗೋಣಿಕೊಪ್ಪದಿಂದ ಬೆಳಿಗ್ಗೆ 6ಕ್ಕೆ ಮೈಸೂರಿನ ಕಡೆ 36 ಕಿ.ಮೀ. ಜವದಲ್ಲಿ ಹೊರಟಿತು. ಬಿಲ್ಲು ಮರೆತು ಹೋಗಿದ್ದಾರೆಂದು 40 ನಿಮಿಷದ ನಂತರ ಒಬ್ಬರು ಬೈಕಿನಲ್ಲಿ 60 ಕಿ.ಮೀ. ಜವದಲ್ಲಿ ಬೆನ್ನುಹತ್ತಿದರು.

ಇಲ್ಲಿ ದೂರಗಳನ್ನು ಕೂಡಿಸುವುದಿಲ್ಲ, ಸಮ ಎನ್ನುತ್ತೇವೆ. ಹಿಡಿದ ಜಾಗಕ್ಕೆ ಇಬ್ಬರೂ ಅದೇ ಗೋಣಿಕೊಪ್ಪದಿಂದ ಅದೇ ದಾರಿ ಸವೆಸಿದ್ದಾರೆ. ಬೈಕಿನ ಕಾಲ ಕ ಆದರೆ ಪಿಕಪ್ಪಿನದು ಕ + 2/3.

36(ಕ + 2/3) = 60ಕ
24 = 24ಕ
ಕ = 1

ಬೈಕು 6:40ಕ್ಕೆ ಹೊರಟು 7:40ಕ್ಕೆ, 60 ಕಿ.ಮೀ. ದೂರದಲ್ಲಿ ಹಿಡಿಯುತ್ತದೆ. ಪಿಕಪ್ 100 ನಿಮಿಷ ಓಡಿದೆ, ಅದರದ್ದೂ 60 ಕಿ.ಮೀ., ತಾಳೆಯಾಯಿತು. ಬಾಯಿಲೆಕ್ಕದಲ್ಲೂ ಮಾಡಬಹುದು: ಪಿಕಪ್ ಮುಂದೆ ಹೋಗಿರುವುದು 24 ಕಿ.ಮೀ., ಗಂಟೆಗೆ ಕಮ್ಮಿಯಾಗುವ ಅಂತರ 60 − 36 = 24 ಕಿ.ಮೀ., ಆದ್ದರಿಂದ ಒಂದು ಗಂಟೆ. ಎದುರಾದರೆ ಜವಗಳನ್ನು ಕೂಡಿಸು, ಬೆನ್ನಟ್ಟಿದರೆ ಕಳೆ ಎಂಬ ಸಾಪೇಕ್ಷ ಜವದ ನಿಯಮ ಇದೇ. ಪೊಲೀಸ್ ಪೇದೆ, ಎಫ್‌ಡಿಎ ಮುಂತಾದ ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರಿಗೆ ಈ ಅಡ್ಡದಾರಿ ಸಾಕು. ಶಾಲಾ ಪರೀಕ್ಷೆಯಲ್ಲಿ ಸಮೀಕರಣ ಬರೆದು ತೋರಿಸಿ.

ಮಂಜಿನ ದಿನದ ಬಸ್ಸು: ವರ್ಗ ಸಮೀಕರಣ

ಮೊದಲು ಬಿಟ್ಟು ಬಂದ ಲೆಕ್ಕಕ್ಕೆ ಬರೋಣ. ಎರಡು ಸಾಲು: ಮಾಮೂಲಿ ದಿನ, ಮಂಜಿನ ದಿನ. ದೂರದ ಮನೆಯಲ್ಲಿ ಎರಡಕ್ಕೂ 120. ಜವದ ಮನೆಯಲ್ಲಿ ಜ ಮತ್ತು ಜ − 10. ಕಾಲದ ಮನೆ ನಮ್ಮ ಪಾಲಿನದು: 120/ಜ ಮತ್ತು 120/(ಜ − 10). ಬಳಸದೆ ಉಳಿದ ಮಾತು ‘36 ನಿಮಿಷ ತಡ’, ಅಂದರೆ 3/5 ಗಂಟೆ.

ಸಮೀಕರಣ ಬರೆಯುವ ಮೊದಲು ಒಂದು ಕ್ಷಣ ನಿಲ್ಲಿ. ಎರಡು ಕಾಲಗಳಲ್ಲಿ ದೊಡ್ಡದು ಯಾವುದು? ನಿಧಾನ ಹೋದ ದಿನದ್ದು. ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ:

120/(ಜ − 10) − 120/ಜ = 3/5

ಎಡಗಡೆ ಛೇದ ಸಮ ಮಾಡಿದರೆ ಅಂಶದಲ್ಲಿ 120ಜ − 120(ಜ − 10), ಅಂದರೆ ಬರೀ 1200 ಉಳಿಯುತ್ತದೆ. (ಆವರಣದ ಒಳಗಿನ −10ಕ್ಕೂ −120 ಗುಣಿಸಬೇಕು; ಇಲ್ಲಿ ಚಿಹ್ನೆ ತಪ್ಪಿದರೆ ಜ ಹೋಗಿದ್ದರೂ −1200 ಬಂದು ಕೂರುತ್ತದೆ.)

1200 / [ಜ(ಜ − 10)] = 3/5
ಜ(ಜ − 10) = 2000
ಜ² − 10ಜ − 2000 = 0

ಅಪವರ್ತಿಸಲು 2000ವನ್ನು 10 ವ್ಯತ್ಯಾಸವಿರುವ ಎರಡು ಸಂಖ್ಯೆಗಳಾಗಿ ಒಡೆಯಬೇಕು: 50 ಮತ್ತು 40.

(ಜ − 50)(ಜ + 40) = 0

ಜ = 50 ಅಥವಾ −40. ಜವ ಋಣ ಸಂಖ್ಯೆಯಾಗದು, ಆದ್ದರಿಂದ 50. ತಾಳೆ: 120/50 = 2 ಗಂಟೆ 24 ನಿಮಿಷ, 120/40 = 3 ಗಂಟೆ. ವ್ಯತ್ಯಾಸ 36 ನಿಮಿಷ.

ಎಲ್ಲರೂ ಹೊಡೆದು ಹಾಕುವ ಆ −40ನ್ನು ಇನ್ನೊಮ್ಮೆ ನೋಡಿ. ಚಿಹ್ನೆ ತೆಗೆದರೆ ಅದು ಮಂಜಿನ ದಿನದ ಜವವೇ! ಕಾಕತಾಳೀಯವಲ್ಲ. ಸಮೀಕರಣದಲ್ಲಿ ಜ ಬದಲಿಗೆ −ಜ ಹಾಕಿದರೆ ನಿಧಾನದ ಜವವನ್ನು ಅವ್ಯಕ್ತವಾಗಿ ಇಟ್ಟುಕೊಂಡಾಗ ಬರುವ ಸಮೀಕರಣವೇ ಸಿಗುತ್ತದೆ. ‘ಒಂದೇ ದೂರ, ಎರಡು ಜವ, ಕಾಲದ ವ್ಯತ್ಯಾಸ’ ಎಂಬ ಮಾದರಿಯಲ್ಲಿ ಇದು ಯಾವಾಗಲೂ ನಡೆಯುತ್ತದೆ. ಬಿಟ್ಟ ಮೂಲ ಇನ್ನೊಂದು ಜವಕ್ಕೆ ಹೊಂದದಿದ್ದರೆ ಎಲ್ಲೋ ತಪ್ಪಿದೆ ಎಂದು ಅರ್ಥ. ಪರೀಕ್ಷಾ ಕೊಠಡಿಯಲ್ಲಿ ಹತ್ತು ಸೆಕೆಂಡಿನಲ್ಲಿ ಮುಗಿಯುವ ತಾಳೆ ಇದು. ಹಾಗೆಯೇ ಕೇಳಿದ್ದು ಮಾಮೂಲಿ ಜವವೋ ಮಂಜಿನ ದಿನದ್ದೋ ಎಂದು ಮತ್ತೆ ನೋಡಿ. ಲೆಕ್ಕವೆಲ್ಲ ಸರಿ ಮಾಡಿ 50ರ ಬದಲು 40 ಬರೆದು ಬರುವವರಿಗೆ ಕೊರತೆಯಿಲ್ಲ.

ತಪ್ಪಾದರೆ ಲೆಕ್ಕವೇ ಸುಳಿವು ಕೊಡುತ್ತದೆ. ಚಿಕ್ಕ ಕಾಲದಿಂದ ದೊಡ್ಡದನ್ನು ಕಳೆದಿದ್ದರೆ ಜ² − 10ಜ + 2000 = 0 ಬರುತ್ತಿತ್ತು. ಅದರ ಶೋಧಕ (ವರ್ಗ ಸಮೀಕರಣಕ್ಕೆ ವಾಸ್ತವ ಮೂಲಗಳು ಇವೆಯೇ ಎಂದು ತಿಳಿಸುವ b² − 4ac) 100 − 8000, ಋಣ; ವಾಸ್ತವ ಮೂಲಗಳೇ ಇಲ್ಲ. ಶೋಧಕ ಋಣ ಬಂತೆಂದರೆ ಮೊದಲು ಅನುಮಾನಿಸಬೇಕಾದದ್ದು ಕಳೆದ ಕ್ರಮವನ್ನು. 3/5 ಬದಲು 36 ಹಾಕಿದ್ದರೆ ಜ(ಜ − 10) = 33.33… ಎಂದು ಯಾವ ಅಪವರ್ತನಕ್ಕೂ ಬಗ್ಗದ ಸಂಖ್ಯೆ ಸಿಗುತ್ತಿತ್ತು. ಶಾಲಾ ಪ್ರಶ್ನೆಗಳ ಸಂಖ್ಯೆಗಳನ್ನು ಸಾಮಾನ್ಯವಾಗಿ ಚೆನ್ನಾಗಿ ಒಡೆಯುವಂತೆ ಆರಿಸಿರುತ್ತಾರೆ. ಒರಟು ಸಂಖ್ಯೆ ಬಂದರೆ ನಿಮಿಷವನ್ನು ಗಂಟೆ ಮಾಡಿದ್ದೀರಾ ನೋಡಿ.

ಸರಾಸರಿ ಜವ: ಕೂಡಿಸಿ ಎರಡರಿಂದ ಭಾಗಿಸುವಂತಿಲ್ಲ

ಕುಶಾಲನಗರದಿಂದ ಮಡಿಕೇರಿಗೆ 30 ಕಿ.ಮೀ., ಏರುದಾರಿ. ಹತ್ತುವಾಗ ಗಂಟೆಗೆ 30 ಕಿ.ಮೀ., ಇಳಿಯುವಾಗ 40 ಕಿ.ಮೀ. ಸರಾಸರಿ 35 ಎನ್ನಬೇಡಿ. ಹತ್ತಲು 1 ಗಂಟೆ, ಇಳಿಯಲು 3/4 ಗಂಟೆ. ಒಟ್ಟು 60 ಕಿ.ಮೀ., 1 3/4 ಗಂಟೆ. ಸರಾಸರಿ 60 ÷ 7/4 = 34 2/7. ನಿಧಾನದ ಜವದಲ್ಲಿ ಹೆಚ್ಚು ಹೊತ್ತು ಕಳೆದಿದ್ದೇವೆ, ಅದಕ್ಕೇ ಸರಾಸರಿ ಅದರ ಕಡೆ ವಾಲುತ್ತದೆ. ಎರಡೂ ಕಡೆ ದೂರ ಸಮವಾಗಿದ್ದರೆ ದೂರವನ್ನು ಕೊಡದಿದ್ದರೂ ನಡೆಯುತ್ತದೆ: ಎರಡು ಜವಗಳ ಗುಣಲಬ್ಧದ ಎರಡರಷ್ಟನ್ನು ಅವುಗಳ ಮೊತ್ತದಿಂದ ಭಾಗಿಸಿ.

ಈಗ ಒಂದು ತಮಾಷೆ. ಮಳೆಗೆ ಹತ್ತುವಾಗ 20 ಕಿ.ಮೀ. ಜವದಲ್ಲೇ ಹೋಗಬೇಕಾಯಿತು ಎನ್ನಿ. ಹೋಗಿಬರುವ ಸರಾಸರಿ 40 ಆಗಬೇಕಾದರೆ ಇಳಿಯುವಾಗ ಎಷ್ಟು ಜವದಲ್ಲಿ ಬರಬೇಕು? 60 ಎಂಬ ಉತ್ತರ ನಾಲಿಗೆಯ ತುದಿಗೆ ಬರುತ್ತದೆ. ಆದರೆ 60 ಕಿ.ಮೀ.ಗೆ ಸರಾಸರಿ 40 ಎಂದರೆ ಒಟ್ಟು ಒಂದೂವರೆ ಗಂಟೆ; ಹತ್ತುವುದಕ್ಕೇ ಆ ಒಂದೂವರೆ ಗಂಟೆ ಮುಗಿದಿದೆ. ಇಳಿಯಲು ಸಮಯವೇ ಉಳಿದಿಲ್ಲ. ಯಾವ ಜವವೂ ಸಾಲದು.

ಸ್ವಲ್ಪ ಜೀಪು, ಸ್ವಲ್ಪ ಕಾಲ್ನಡಿಗೆ

ಭಾಗಮಂಡಲದಿಂದ ತಲಕಾವೇರಿಗೆ 8 ಕಿ.ಮೀ. ತೀರ್ಥೋದ್ಭವದ ದಿನ ಜೀಪು 24 ಕಿ.ಮೀ. ಜವದಲ್ಲಿ ಸ್ವಲ್ಪ ದೂರ ಹೋಗಿ ಜನಜಂಗುಳಿಗೆ ನಿಂತಿತು. ಉಳಿದದ್ದನ್ನು ಗಂಟೆಗೆ 4 ಕಿ.ಮೀ.ಯಂತೆ ನಡೆದರು. ಒಟ್ಟು 45 ನಿಮಿಷ. ಜೀಪಿನಲ್ಲಿ ಹೋದದ್ದು ಎಷ್ಟು? ದೂರಗಳು ದ, 8 − ದ.

ದ/24 + (8 − ದ)/4 = 3/4

24ರಿಂದ ಇಡೀ ಸಾಲನ್ನು ಗುಣಿಸಿ: ದ + 48 − 6ದ = 18. ದ = 6. ಜೀಪು 15 ನಿಮಿಷ, ನಡಿಗೆ 2 ಕಿ.ಮೀ.ಗೆ 30 ನಿಮಿಷ. ಗುಣಿಸುವಾಗ ಬಲಗಡೆಯ 3/4ನ್ನು ಮರೆಯುವುದೊಂದೇ ಇಲ್ಲಿನ ಅಪಾಯ.

ಹೊಳೆಯ ಲೆಕ್ಕ

ದೋಣಿಯ ಲೆಕ್ಕದಲ್ಲಿ ಎರಡು ಜವಗಳು ಸೇರಿಕೊಂಡಿರುತ್ತವೆ: ನಿಂತ ನೀರಿನಲ್ಲಿ ದೋಣಿಯ ಜವ, ಮತ್ತು ಪ್ರವಾಹದ ಜವ. ಹರಿವಿನ ಜೊತೆ ಹೋದರೆ ಕೂಡಿಸು, ಎದುರು ಹೋದರೆ ಕಳೆ. ನಿಂತ ನೀರಿನಲ್ಲಿ 9 ಕಿ.ಮೀ. ಜವದ ದೋಣಿ ಕಾವೇರಿಯಲ್ಲಿ 12 ಕಿ.ಮೀ. ಕೆಳಕ್ಕೆ ಹೋಗಿ ಮರಳಿ ಬರಲು ಒಟ್ಟು 3 ಗಂಟೆ ತೆಗೆದುಕೊಂಡಿತು. ಪ್ರವಾಹದ ಜವ ಪ ಎಂದಿರಲಿ.

12/(9 + ಪ) + 12/(9 − ಪ) = 3
216 = 3(81 − ಪ²)
ಪ² = 9, ಪ = 3

ಹೋಗುವಾಗ 1 ಗಂಟೆ, ಬರುವಾಗ 2 ಗಂಟೆ. ಹೋಗುವಾಗಿನ ಲಾಭ ಬರುವಾಗಿನ ನಷ್ಟಕ್ಕೆ ವಜಾ ಆಗುತ್ತದೆ ಎಂದು ಹಲವರು ಭಾವಿಸುತ್ತಾರೆ. ಇಲ್ಲ: ನಿಂತ ನೀರಾಗಿದ್ದರೆ 24 ಕಿ.ಮೀ.ಗೆ 2 ಗಂಟೆ 40 ನಿಮಿಷ ಸಾಕಿತ್ತು. ಪ್ರವಾಹ 9 ಅಥವಾ ಹೆಚ್ಚಾದರೆ 9 − ಪ ಸೊನ್ನೆಗೆ ಇಳಿಯುತ್ತದೆ ಇಲ್ಲವೇ ಋಣವಾಗುತ್ತದೆ. ದೋಣಿ ಮೇಲಕ್ಕೆ ಬರಲಾರದು. ಮಳೆಗಾಲದಲ್ಲಿ ಹೊಳೆ ತುಂಬಿದಾಗ ದುಬಾರೆಯಲ್ಲಿ ದೋಣಿ ನಿಲ್ಲಿಸುವುದನ್ನು ಕಂಡವರಿಗೆ ಈ ಷರತ್ತು ವಿವರಿಸಬೇಕಾಗಿಲ್ಲ.

ಎರಡೂ ಜವ ಗೊತ್ತಿಲ್ಲದಿದ್ದರೆ ಎರಡು ಸಮೀಕರಣ ಬೇಕು. ‘ಮೇಲಕ್ಕೆ 6 ಕಿ.ಮೀ., ಕೆಳಕ್ಕೆ 12 ಕಿ.ಮೀ. ಸೇರಿ 2 ಗಂಟೆ. ಮೇಲಕ್ಕೆ 12, ಕೆಳಕ್ಕೆ 18 ಸೇರಿ 3 1/2 ಗಂಟೆ’ ಎಂದಿದ್ದರೆ ಛೇದದಲ್ಲಿ ಅವ್ಯಕ್ತ ಇಟ್ಟುಕೊಂಡು ಒದ್ದಾಡಬೇಡಿ. ಮೇಲಕ್ಕೆ 1 ಕಿ.ಮೀ.ಗೆ ಹಿಡಿಯುವ ಗಂಟೆ ಮ, ಕೆಳಕ್ಕೆ 1 ಕಿ.ಮೀ.ಗೆ ಹಿಡಿಯುವುದು ಕೆ ಎಂದು ಇಟ್ಟುಬಿಡಿ:

6ಮ + 12ಕೆ = 2
12ಮ + 18ಕೆ = 3 1/2

ಮೊದಲನೆಯದನ್ನು ಎರಡರಿಂದ ಗುಣಿಸಿ, ಎರಡನೆಯದನ್ನು ಕಳೆದರೆ 6ಕೆ = 1/2. ಕೆ = 1/12, ಮ = 1/6. ಕೆಳಕ್ಕೆ ಜವ 12, ಮೇಲಕ್ಕೆ 6. ಕೂಡಿಸಿ ಅರ್ಧ ಮಾಡಿದರೆ ದೋಣಿ 9, ಕಳೆದು ಅರ್ಧ ಮಾಡಿದರೆ ಪ್ರವಾಹ 3. 1/12 ಸಿಕ್ಕಾಗಲೇ ಅದನ್ನು ಜವ ಎಂದು ಬರೆದು ನಿಲ್ಲಿಸಬೇಡಿ; ತಲೆಕೆಳಗು ಮಾಡಲು ಇನ್ನೂ ಬಾಕಿ ಇದೆ.

ರೈಲು

ಕೊಡಗಿನಲ್ಲಿ ರೈಲು ಹಳಿಯೇ ಇಲ್ಲ, ಆದರೂ ಇಲ್ಲಿನ ಮಕ್ಕಳಿಗೆ ರೈಲಿನ ಲೆಕ್ಕ ತಪ್ಪಿದ್ದಲ್ಲ. ಬಸ್ಸನ್ನು ಚುಕ್ಕಿಯಂತೆ ಎಣಿಸಬಹುದು; ರೈಲಿಗೆ ಮಾತ್ರ ತನ್ನದೇ ಉದ್ದವಿದೆ. ಕಂಬ ದಾಟಲು ಅದು ಓಡಬೇಕಾದ ದೂರ ತನ್ನ ಉದ್ದದಷ್ಟು. ಪ್ಲಾಟ್‌ಫಾರಂ ದಾಟಲು ತನ್ನ ಉದ್ದಕ್ಕೆ ಪ್ಲಾಟ್‌ಫಾರಂ ಉದ್ದವೂ ಸೇರುತ್ತದೆ, ಏಕೆಂದರೆ ಕೊನೆಯ ಡಬ್ಬಿ ಹೊರಬಿದ್ದಾಗಲೇ ದಾಟಿದಂತೆ. ಕಂಬವನ್ನು 12 ಸೆಕೆಂಡಿನಲ್ಲಿ, 270 ಮೀಟರ್ ಪ್ಲಾಟ್‌ಫಾರಂ ಅನ್ನು 30 ಸೆಕೆಂಡಿನಲ್ಲಿ ದಾಟಿದರೆ, ಉದ್ದ ಉ ಎಂದಿಟ್ಟು:

ಉ/12 = (ಉ + 270)/30
18ಉ = 3240, ಉ = 180 ಮೀಟರ್

ಜವ 180/12 = 15 ಮೀ./ಸೆ., ಅಂದರೆ 54 ಕಿ.ಮೀ./ಗಂಟೆ. ಇಲ್ಲಿ ಸಮವಾಗಿರುವುದು ಜವ ಎಂಬುದನ್ನು ಗಮನಿಸಿ.

ಕೈ ಪಳಗಿಸಲು ಮೂರು ಲೆಕ್ಕ

ವಿರಾಜಪೇಟೆ–ಮಡಿಕೇರಿ 30 ಕಿ.ಮೀ. ವಿರಾಜಪೇಟೆಯಿಂದ 8:00ಕ್ಕೆ ಬಸ್ಸು, ಮಡಿಕೇರಿಯಿಂದ 8:20ಕ್ಕೆ ಸ್ಕೂಟರು, ಎರಡೂ ಗಂಟೆಗೆ 30 ಕಿ.ಮೀ. ಜವದಲ್ಲಿ ಎದುರುಬದುರು ಹೊರಟವು. ಎಲ್ಲಿ, ಯಾವಾಗ ಎದುರಾದವು?

ಸೈಕಲ್ ಸವಾರ 60 ಕಿ.ಮೀ. ದಾರಿಯಲ್ಲಿ ಗಂಟೆಗೆ 5 ಕಿ.ಮೀ. ಹೆಚ್ಚು ಜವದಲ್ಲಿ ಹೋಗಿದ್ದರೆ 1 ಗಂಟೆ ಮೊದಲೇ ತಲುಪುತ್ತಿದ್ದ. ಅವನ ಜವ ಎಷ್ಟು?

ಒಬ್ಬ ದಾರಿಯ ಅರ್ಧವನ್ನು 30, ಉಳಿದರ್ಧವನ್ನು 50 ಕಿ.ಮೀ. ಜವದಲ್ಲಿ ಹೋದ. ಇನ್ನೊಬ್ಬ ಪ್ರಯಾಣದ ಅರ್ಧ ಹೊತ್ತು 30, ಉಳಿದರ್ಧ ಹೊತ್ತು 50ರಲ್ಲಿ ಹೋದ. ಇಬ್ಬರ ಸರಾಸರಿ ಜವ ಎಷ್ಟು?

ಉತ್ತರಗಳು: 8:40ಕ್ಕೆ, ವಿರಾಜಪೇಟೆಯಿಂದ 20 ಕಿ.ಮೀ.ಯಲ್ಲಿ. ಗಂಟೆಗೆ 15 ಕಿ.ಮೀ. (ಬಿಟ್ಟ ಮೂಲ −20 ಬಂದಿರಬೇಕು). ಮೊದಲನೆಯವನದು 37.5, ಎರಡನೆಯವನದು 40 ಕಿ.ಮೀ./ಗಂಟೆ.